ಶುಕ್ರವಾರದ ಪಂಪು, ಭಾನುವಾರದ ಮ್ಯಾಚು

ಕಳೆದ ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಅಬುಧಾಬಿ ಸೀಮೆಯ ಮದೀನತ್ ಜಾಯೆದ್‌ನ ಇಂಡಸ್ಟ್ರಿಯಲ್ ಏರಿಯಾದ ಪಂಪ್ ವರ್ಕ್‌ಶಾಪಿನೆದುರು ಕಂಪನಿಯ ಪಿಕಪ್ ಬಂದು ನಿಂತಿತು. ಅದರಿಂದಿಳಿದ ಜಪಾನಿ ಇಂಜಿನಿಯರನ ಒಂದು ಕೈಯಲ್ಲಿ ಟೂಲ್ ಬಾಕ್ಸ್ ಇತ್ತು, ಇನ್ನೊಂದು ಕೈಯಲ್ಲಿ ಫುಟ್‌ಬಾಲ್ ಬೂಟುಗಳ ಚೀಲ. ಅವನನ್ನು ಬರಮಾಡಿಕೊಳ್ಳಲು ನಿಂತಿದ್ದ ಸಿದ್ದೇಶ ಹೊಂಗಲನ ಕಣ್ಣು ಮೊದಲು ಹೋದದ್ದು ಆ ಚೀಲದ ಮೇಲೆ.

ಸಿದ್ದೇಶ ಬೆಳಗಾವಿಯವನು. ಐಟಿಐ ಮುಗಿಸಿ ಉದ್ಯಮಬಾಗಿನ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ಫಿಟ್ಟರ್ ಆಗಿದ್ದು, ಆಮೇಲೆ ಇಲ್ಲಿಗೆ ಬಂದವನು. ಈಗ ವಯಸ್ಸು ನಲವತ್ತಮೂರು. ತಾಕಿನೊ ಪಂಪ್ಸ್ ಎಂಬ ಜಪಾನಿ ಕಂಪನಿಯ ಈ ವರ್ಕ್‌ಶಾಪಿನಲ್ಲಿ ಅವನಿಗೆ ಹದಿಮೂರು ವರ್ಷವಾಗಿತ್ತು. ಸುತ್ತಲಿನ ಗ್ಯಾಸ್ ಪ್ಲಾಂಟುಗಳಲ್ಲಿ ತಾಕಿನೊ ಪಂಪು ಎಲ್ಲಿ ಕೆಟ್ಟರೂ ಬಿಚ್ಚುವವನು, ಜೋಡಿಸುವವನು ಅವನೇ. ಆದರೆ ಕಾಗದದ ಮೇಲಿನ ಸಹಿ ಮಾತ್ರ ಹೊರಗಿನಿಂದ ಬರುವ ಇಂಜಿನಿಯರನದು. ಅದು ಮೊದಲಿನಿಂದ ಹಾಗೇ ನಡೆದುಬಂದಿತ್ತು, ಅವನೂ ತಲೆ ಕೆಡಿಸಿಕೊಂಡಿರಲಿಲ್ಲ.

ಬಂದವನ ಹೆಸರು ತೊಕುನಾಗ. ಅವನ ಟಿಕೆಟ್ಟು, ಗೇಟ್ ಪಾಸು ಎಲ್ಲ ನೋಡಿಕೊಂಡವಳು ಅಬುಧಾಬಿ ಆಫೀಸಿನ ಎಮಿಲಿಯಾ, ಮೂಡುಬೆಳ್ಳೆ ಕಡೆಯವಳು. ಹಿಂದಿನ ದಿನವೇ ಫೋನ್ ಮಾಡಿ ಎಚ್ಚರಿಸಿದ್ದಳು: "ಭಾನುವಾರ ಅವರಿಗೆ ಎಂತದೋ ಮ್ಯಾಚ್ ಉಂಟಂತೆ ಸಿದ್ದೇಶಣ್ಣ. ಶುಕ್ರವಾರ ರಾತ್ರಿ ಹತ್ತರ ಫ್ಲೈಟಿಗೆ ಅವರನ್ನು ಹತ್ತಿಸ್ಲೇಬೇಕು." ಯಾವುದೋ ಮ್ಯಾಚ್ ನೋಡುವ ಹುಚ್ಚಿನವನಿರಬೇಕು ಎಂದುಕೊಂಡಿದ್ದ ಸಿದ್ದೇಶ.

ಪ್ಲಾಂಟಿಗೆ ಹೋಗುವ ದಾರಿಯಲ್ಲಿ ನಿಜ ಗೊತ್ತಾಯಿತು. ತೊಕುನಾಗ ನೋಡುವವನಲ್ಲ, ಆಡುವವನು. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ತಾಕಿನೊ ಕಾರ್ಖಾನೆಯ ಎರಕದ ವಿಭಾಗದ ಕೆಲಸಗಾರರು, ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಊಟದ ಬಿಡುವಿನಲ್ಲಿ ಚೆಂಡು ಒದೆಯುತ್ತ ಕಟ್ಟಿದ ತಂಡ ಅದು. ಇಂದು ಅದು ಇಡೀ ಊರಿನ ಕ್ಲಬ್ಬು, ಆದರೂ ಅರ್ಧಕ್ಕರ್ಧ ಆಟಗಾರರು ಈಗಲೂ ಕಾರ್ಖಾನೆಯವರೇ. ಮೂರು ಗಂಟೆಯವರೆಗೆ ಮಷೀನಿನ ಮುಂದೆ, ನಾಲ್ಕಕ್ಕೆ ಮೈದಾನದಲ್ಲಿ. ಜಪಾನಿನ ಐದನೇ ದರ್ಜೆಯ ಲೀಗಿನಲ್ಲಿ ಹನ್ನೊಂದು ವರ್ಷ ಕೊಳೆತು, ಈ ಸಲ ಪ್ಲೇ-ಆಫ್ ತಲುಪಿದ್ದರು. ಎದುರಾಳಿ ನಾಲ್ಕನೇ ದರ್ಜೆಯ ತಂಡ. ಗೆದ್ದರೆ ಇವರು ಮೇಲೆ, ಡ್ರಾ ಆದರೂ ಅವರೇ ಉಳಿಯುತ್ತಾರೆ. ತೊಕುನಾಗ ಎಂಟನೇ ನಂಬರಿನ ಮಿಡ್‌ಫೀಲ್ಡರ್. ಆದರೆ ಈಗ ಹೊರಟಿದ್ದ ಪ್ಲಾಂಟಿನ ದೊಡ್ಡ ಪಂಪೊಂದರ ಸೀಲನ್ನು, ಅಂದರೆ ಶಾಫ್ಟಿನ ಸುತ್ತ ಸೋರದಂತೆ ತಡೆಯುವ ಭಾಗವನ್ನು, ಜಪಾನಿನಲ್ಲಿ ಕೂಡಿಸಿದವನೂ ಅವನೇ. ಸೀಲು ಸೋರತೊಡಗಿದ್ದರಿಂದ ಕಂಪನಿ ಅವನನ್ನೇ ಕಳಿಸಿತ್ತು.

ಇದನ್ನು ಕೇಳುತ್ತ ಸಿದ್ದೇಶ ಗಾಡಿಯ ವೇಗ ತಗ್ಗಿಸಿಬಿಟ್ಟಿದ್ದನಂತೆ. ಅವನೂ ಉದ್ಯಮಬಾಗಿನಲ್ಲಿ ಕಾರ್ಖಾನೆ ತಂಡದ ಲೆಫ್ಟ್ ಬ್ಯಾಕ್. ಅದನ್ನು ಹೇಳಿದ್ದೇ ತಡ, ಭಾಷೆಯ ಅಡ್ಡಿ ಅರ್ಧ ಕರಗಿತು. ಅಂದು ಸಂಜೆ ಕೆಲಸ ಬಿಟ್ಟ ಮೇಲೆ ಊರಿನ ಪಾರ್ಕಿನ ಪಕ್ಕದ ಟರ್ಫಿನಲ್ಲಿ ಸೇಫ್ಟಿ ಬೂಟು ಕಳಚಿ, ಬರಿಗಾಲಲ್ಲೇ ತೊಕುನಾಗನಿಗೆ ಐವತ್ತು ಪಾಸ್ ಕೊಟ್ಟ ಸಿದ್ದೇಶ. ಬುಧವಾರವೂ ಹೋದರು. ಹತ್ತು ವರ್ಷದಿಂದ ಚೆಂಡು ಮುಟ್ಟಿರದ ಕಾಲು, ಎರಡನೇ ದಿನ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಹೆಂಡತಿ ಮಾಧುರಿ ಎಣ್ಣೆ ತಿಕ್ಕುತ್ತ ನಕ್ಕಳು.

ಗುರುವಾರ ಪಂಪು ಬಿಚ್ಚಿದಾಗ ಸೀಲಿನ ಜೊತೆ, ಶಾಫ್ಟಿಗೆ ತೊಡಿಸಿದ ಕೊಳವೆಯಂಥ ಸ್ಲೀವೂ ಗೀರುಬಿದ್ದು ಹಾಳಾಗಿತ್ತು. ಹೊಸದು ದುಬೈಯ ಅಲ್ ಕುಸೈಸ್ ಗೋದಾಮಿನಿಂದ ಬರಬೇಕು. ಅಲ್ ಕುಸೈಸ್‌ನಿಂದ ಹೊರಟ ಗಾಡಿ ಶುಕ್ರವಾರ ಹನ್ನೊಂದಕ್ಕೆ ಬಂದು ತಲುಪಿತು. ಇಬ್ಬರೂ ಊಟ ಬಿಟ್ಟು ಕೆಲಸಕ್ಕೆ ನಿಂತರು. ಸ್ಲೀವು, ಸೀಲು ಕೂತಾಗ ನಾಲ್ಕೂವರೆ. ಇನ್ನು ಉಳಿದದ್ದು ಅಲೈನ್‌ಮೆಂಟು. ಮೋಟರಿನ ಶಾಫ್ಟು, ಪಂಪಿನ ಶಾಫ್ಟು ಎರಡನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಒಂದೇ ನೇರಕ್ಕೆ ತರುವ ಕೆಲಸ ಅದು, ಎರಡು ತಾಸಿನದು. ಆಮೇಲೆ ಪಂಪು ಓಡಿಸಿ ನೋಡಬೇಕು. ವಿಮಾನ ನಿಲ್ದಾಣಕ್ಕೆ ಎರಡು ತಾಸಿನ ದಾರಿ.

ಎಮಿಲಿಯಾ ಐದು ಗಂಟೆಯಾಗುವುದರೊಳಗೆ ಮೂರು ಸಲ ಫೋನ್ ಮಾಡಿದಳು. ಆರಕ್ಕೆ ಗಾಡಿ ಬಿಡದಿದ್ದರೆ ಫ್ಲೈಟು ಸಿಗಲಿಕ್ಕಿಲ್ಲ, ಮುಂದಿನದು ಹಿಡಿದರೆ ಮ್ಯಾಚ್ ಮುಗಿದ ಮೇಲೆ ತಲುಪುವುದು ಎಂದಳು.

ತೊಕುನಾಗ ಕೈಯೊರೆಸಿಕೊಂಡು, ತಾನು ಹೋಗುವುದಿಲ್ಲ ಎಂದ. ಗಟ್ಟಿಯಾಗಿಯೂ ಹೇಳಲಿಲ್ಲ. ಕೆಲಸ ಮುಗಿಸದೆ ಹೋದವನನ್ನು ತಂಡದಲ್ಲೇ ಯಾರೂ ಮೆಚ್ಚುವುದಿಲ್ಲ ಎಂದು, ಅಲೈನ್‌ಮೆಂಟು ಅಳೆಯುವ ಡಯಲ್ ಗೇಜು ಎತ್ತಿಕೊಂಡ.

ಆಗ ಸಿದ್ದೇಶನಿಗೆ ಇಪ್ಪತ್ತು ವರ್ಷದ ಹಿಂದಿನ ಒಂದು ಭಾನುವಾರ ನೆನಪಾಯಿತು. ಅಂತರ-ಕಾರ್ಖಾನೆ ಟೂರ್ನಿಯ ಫೈನಲ್ ದಿನ ಲೇತ್ ಕೆಟ್ಟು, ಸೂಪರ್‌ವೈಸರ್ ಅವನನ್ನು ಶಿಫ್ಟಿನಲ್ಲೇ ಉಳಿಸಿಕೊಂಡಿದ್ದ. ಮಾಡಬಲ್ಲವರು ಇನ್ನಿಬ್ಬರಿದ್ದರು, ಒಬ್ಬರೂ ಮುಂದೆ ಬರಲಿಲ್ಲ. ತಂಡ ಎರಡು ಗೋಲಿನಿಂದ ಸೋತದ್ದು ಅವನಿಗೆ ಗೇಟಿನಲ್ಲಿ ವಾಚ್‌ಮನ್ ಬಾಯಿಂದ ಗೊತ್ತಾಗಿತ್ತು. ಎರಡೂ ಗೋಲು ಅವನು ಕಾಯಬೇಕಿದ್ದ ಎಡಗಡೆಯಿಂದಲೇ ಬಂದಿದ್ದವು.

ಸಿದ್ದೇಶ ಡಯಲ್ ಗೇಜನ್ನು ತೊಕುನಾಗನ ಕೈಯಿಂದ ತೆಗೆದುಕೊಂಡ. ಇಂಗ್ಲಿಷು ಹುಡುಕಲು ಹೋದರೆ ಸಿಗಲಿಲ್ಲ. ಬಾಯಿಗೆ ಬಂದದ್ದು ಅವನ ಮಾತೇ, ಜೊತೆಗೆ 'ನಡಿ' ಎನ್ನಲು ಇಲ್ಲಿ ಎಲ್ಲರೂ ಆಡುವ ಅರಬ್ಬಿ ಪದವೊಂದು.

"ಪಂಪ್ ನಂದು, ಮ್ಯಾಚ್ ನಿಮ್ದು. ಯಲ್ಲಾ, ಹೊರಡ್ರಿ."

ತೊಕುನಾಗನಿಗೆ ಅರ್ಥವಾಯಿತು. ಆದರೆ ಅವನಿಗೆ ಅರ್ಥವಾದರೆ ಸಾಲದು. ಪ್ಲಾಂಟಿನ ಶಿಫ್ಟ್ ಇಂಜಿನಿಯರ್ ಅರ್ಶದ್, ಉಳ್ಳಾಲದವನು, ನಿಯಮದ ಮನುಷ್ಯ. ಕಂಪನಿ ಒಪ್ಪಿದ ಇಂಜಿನಿಯರನ ಸಹಿ ಇಲ್ಲದೆ ಪಂಪು ಓಡಿಸುವಂತಿಲ್ಲ ಎಂದ. ತೊಕುನಾಗ ಅಲ್ಲೇ ಜಪಾನಿಗೆ ಫೋನ್ ಹಚ್ಚಿದ. ಅಲ್ಲಿ ರಾತ್ರಿ ಹತ್ತಾಗಿತ್ತು, ಸರ್ವಿಸ್ ವಿಭಾಗದ ಮುಖ್ಯಸ್ಥ ಮನೆಯಿಂದಲೇ ಮಾತಾಡಿದ. ಅವನು ಕೇಳಿದ್ದು ಒಂದೇ ಪ್ರಶ್ನೆಯಂತೆ: ಆ ಫಿಟ್ಟರನ ಕೈಗೆ ನಿನ್ನ ಮಷೀನು ಬಿಡುತ್ತೀಯಾ? ತೊಕುನಾಗ, ನಾಲ್ಕು ದಿನದಿಂದ ಆ ಕೈಗಳನ್ನು ನೋಡುತ್ತಿದ್ದೇನೆ, ಬಿಡುತ್ತೇನೆ ಎಂದ. ಇಪ್ಪತ್ತು ನಿಮಿಷದಲ್ಲಿ ಸಿದ್ದೇಶ ಹೊಂಗಲ ಎಂಬ ಹೆಸರಿದ್ದ ಒಪ್ಪಿಗೆ ಪತ್ರ ಅರ್ಶದನ ಇಮೇಲಿಗೆ ಬಂತು.

ಅರ್ಶದ್ ಅದನ್ನು ಎರಡು ಸಲ ಓದಿದ. ಆಮೇಲೆ ಸಿದ್ದೇಶನ ಕಡೆ ತಿರುಗಿ ಕೇಳಿದ.

"ವ್ಯತ್ಯಾಸ ಎಷ್ಟರೊಳಗೆ ತರ್ತೀರಿ?"

"ನೂರರಾಗ ಐದು. ಅದಕ್ಕಿಂತ ಹೆಚ್ಚಾದ್ರ ನಾನೇ ಸಹಿ ಮಾಡಂಗಿಲ್ಲ."

ಮಿಲಿಮೀಟರಿನ ನೂರರಲ್ಲಿ ಐದು ಭಾಗ ಎಂದು ಅವನ ಅರ್ಥ. ಅರ್ಶದ್ ತಲೆಯಾಡಿಸಿ ಪರ್ಮಿಟ್ಟಿನಲ್ಲಿ ಹೆಸರು ತಿದ್ದಿದ. ಆರಕ್ಕೆ ಎರಡು ನಿಮಿಷ ಇರುವಾಗ, ಎಣ್ಣೆಗೈಯ ತೊಕುನಾಗನನ್ನು ಹೊತ್ತು ಪಿಕಪ್ ಗೇಟು ದಾಟಿತು. ಬೂಟಿನ ಚೀಲ ಅವನ ತೊಡೆಯ ಮೇಲಿತ್ತು.

ಮೊದಲ ಅಳತೆಯಲ್ಲಿ ಗೇಜು ಹದಿನಾಲ್ಕು ತೋರಿಸಿತು. ಸಿದ್ದೇಶ ಮೋಟರಿನ ಕಾಲಡಿಗೆ ತೆಳು ತಗಡಿನ ಶಿಮ್ಮು ಇಟ್ಟು ಬಿಗಿದ: ಒಂಬತ್ತು. ಒಂದು ಶಿಮ್ಮು ತೆಗೆದು ಬೇರೆ ಕಾಲಿಗೆ ಹಾಕಿದ: ಹನ್ನೊಂದಕ್ಕೇರಿತು. ಹಿಂದೆ ನಿಂತಿದ್ದ ಅರ್ಶದ್ ಗಡಿಯಾರ ನೋಡಿದ್ದು ಗೊತ್ತಾಯಿತು. ಹದಿಮೂರು ವರ್ಷದಲ್ಲಿ ನೂರು ಸಲ ಮಾಡಿದ ಕೆಲಸ, ಆದರೂ ಹೆಸರು ಕಾಗದದ ಮೇಲೆ ಬಂದದ್ದು ಇವತ್ತೇ ಮೊದಲು. ಅವನು ಸ್ಪ್ಯಾನರ್ ಕೆಳಗಿಟ್ಟು, ನೀರು ಕುಡಿದು, ನಾಲ್ಕೂ ಬೋಲ್ಟು ಸಡಿಲಿಸಿ ಮೊದಲಿನಿಂದ ಶುರುಮಾಡಿದ. ಹಿಂದಿನ ಬಲಗಾಲು ನೆಲಕ್ಕೆ ಸರಿಯಾಗಿ ಕೂತೇ ಇರಲಿಲ್ಲ. ಅದನ್ನು ಕೂಡಿಸಿದ. ಆರು. ಇನ್ನೊಂದು ತಗಡು. ಮೂರು.

ಏಳೂವರೆಗೆ ಪಂಪು ಓಡಿತು. ಸೀಲಿನಡಿ ಎರಡು ಹನಿ ಬಿದ್ದವು, ಸಿದ್ದೇಶ ಬಗ್ಗಿ ನೋಡುತ್ತ ನಿಂತ. ಮೂರನೆಯದು ಬೀಳಲೇ ಇಲ್ಲ. ಒಂದು ತಾಸು ಕಾದು ನೋಡಿ ಅರ್ಶದ್ ಕಾಗದ ಮುಂದಿಟ್ಟ. ಎಲ್ಲಿ ಸಹಿ ಹಾಕಬೇಕೆಂದು ಅವನೇ ತೋರಿಸಬೇಕಾಯಿತು. ಸಿದ್ದೇಶ ಬೆಳಗಾವಿ ಶಾಲೆಯಲ್ಲಿ ಕಲಿತಂತೆ ಪೂರ್ತಿ ಹೆಸರನ್ನೇ ಬರೆದ. ಅಷ್ಟರಲ್ಲಿ ಎಮಿಲಿಯಾಳ ಮೆಸೇಜು ಬಂತು: ತೊಕುನಾಗ ಇಮಿಗ್ರೇಶನ್ ದಾಟಿದ್ದಾರೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅಂದರೆ ಜಪಾನಿನ ಮಧ್ಯಾಹ್ನ ಒಂದಕ್ಕೆ, ಮನೆಯ ಟಿವಿಯಲ್ಲಿ ಮ್ಯಾಚು. ಮಗಳು ಸಾಕ್ಷಿ ಕ್ಲಬ್ಬಿನ ಚಾನೆಲ್ ಹುಡುಕಿ ಹಚ್ಚಿಕೊಟ್ಟಳು. ಒಂದೇ ಕ್ಯಾಮೆರಾ, ಗಾಳಿಗೆ ಅದೂ ಅಲುಗಾಡುತ್ತಿತ್ತು. ಹನ್ನೊಂದು ಜನರಲ್ಲಿ ಎಂಟನೇ ನಂಬರು ಇರಲಿಲ್ಲ.

"ಹಿ ಈಸ್ ಆನ್ ದ ಬೆಂಚ್, ಪಪ್ಪಾ," ಎಂದಳು ಸಾಕ್ಷಿ.

ಮೊದಲಾರ್ಧದಲ್ಲಿ ತಾಕಿನೊ ಒಂದು ಗೋಲು ತಿಂದಿತು, ಅರ್ಧದ ಕೊನೆಗೆ ಒಂದನ್ನು ತೀರಿಸಿತು. ಅರವತ್ತೈದನೇ ನಿಮಿಷಕ್ಕೆ ತೊಕುನಾಗ ಒಳಗೆ ಬಂದ. ಸಿದ್ದೇಶ ಎದ್ದು ನಿಂತವನು ಮತ್ತೆ ಕೂರಲಿಲ್ಲ. ಮಾಧುರಿ ಚಪಾತಿ ಲಟ್ಟಿಸುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಳು. ಎಂಬತ್ತೊಂದನೇ ನಿಮಿಷ ತಾಕಿನೊಗೆ ಕಾರ್ನರ್ ಸಿಕ್ಕಿತು. ತೊಕುನಾಗ ಎತ್ತಿದ ಚೆಂಡು ಎರಡನೇ ಕಂಬದ ಬಳಿ ಬಾಗಿ ಬಂತು, ಎತ್ತರದ ಡಿಫೆಂಡರ್ ಒಬ್ಬ ತಲೆಯಿಂದ ಅದನ್ನು ಬಲೆಗೆ ತಳ್ಳಿದ. ಸಾಕ್ಷಿ ಸೋಫಾದಿಂದ ಜಿಗಿದಳು.

"ಕುಂದರ್ರಿ ಸ್ವಲ್ಪ. ಕೆಳಗಿನ ಮನಿಯವ್ರು ಏನಂದಾರು," ಎಂದಳು ಮಾಧುರಿ. ಆದರೆ ಅವಳೂ ಕೂರಲಿಲ್ಲ.

ಉಳಿದ ಹೊತ್ತೆಲ್ಲ ಚೆಂಡು ತಾಕಿನೊ ಗೋಲಿನ ಸುತ್ತಲೇ. ಎದುರಾಳಿಗಳು ತಾಕಿನೊದ ಎಡಗಡೆಯಿಂದಲೇ ನುಗ್ಗುತ್ತಿದ್ದರು. ಸಿದ್ದೇಶ ಟಿವಿಗೆ ಒಂದು ಮೊಳ ದೂರದಲ್ಲಿ ನಿಂತು, "ಹೊರಗ ಒಗಿ, ಹೊರಗ ಒಗಿ" ಎಂದು ಜಪಾನಿ ಲೆಫ್ಟ್ ಬ್ಯಾಕಿಗೆ ಹೇಳುತ್ತಿದ್ದ. ಹೆಚ್ಚುವರಿ ಐದು ನಿಮಿಷ. ಕೊನೆಯ ಹೊಡೆತವನ್ನು ಗೆರೆಯ ಮೇಲೆ ನಿಂತಿದ್ದ ಯಾರೋ ಕಾಲಿನಿಂದ ತಡೆದರು. ವಿಸಿಲ್ ಆಯಿತು. ತಾಕಿನೊದ ನೀಲಿ ಅಂಗಿಯವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಾಗ, ಬೆವರಿ ತೊಯ್ದಿದ್ದ ಸಿದ್ದೇಶ ಗೋಡೆಗೆ ಒರಗಿ ನೆಲದ ಮೇಲೆ ಕೂತ.

ಒಂದು ತಾಸಿನ ಮೇಲೆ ತೊಕುನಾಗನ ವಿಡಿಯೊ ಕಾಲ್ ಬಂತು. ಹಿಂದೆ ಗದ್ದಲ. ಮೊದಲು ಅವನು ಕೇಳಿದ್ದು ಸೀಲು ಸೋರುತ್ತಿದೆಯಾ ಎಂದು. ಒಣಗಿದೆ ಎಂದ ಸಿದ್ದೇಶ. ಆಮೇಲೆ ಇಬ್ಬರೂ ಬಹಳ ಹೊತ್ತು ನಕ್ಕರು.

ಜನವರಿಯಿಂದ ಈ ಭಾಗದ ಪಂಪುಗಳ ಸಹಿ ಸಿದ್ದೇಶನದೇ, ಕಂಪನಿ ಬರೆದು ಕೊಟ್ಟಿದೆ. ಅಲ್ ಐನ್‌ನ ಕೆಲಸಕ್ಕೂ ಈಗ ಅವನೇ ಹೋಗುತ್ತಾನೆ. ಅದೇ ತಿಂಗಳು ವರ್ಕ್‌ಶಾಪಿನವರನ್ನೆಲ್ಲ ಸೇರಿಸಿ ಏಳು ಜನರ ತಂಡವೊಂದನ್ನು ಕಟ್ಟಿದ. ಮೊದಲ ಮ್ಯಾಚು ಊರಿನ ಆಸ್ಪತ್ರೆಯ ಸಿಬ್ಬಂದಿಯ ಮೇಲೆ, ನಾಲ್ಕು-ಒಂದರಲ್ಲಿ ಸೋತರು. ನಲವತ್ತಮೂರರ ಲೆಫ್ಟ್ ಬ್ಯಾಕಿಗೆ ಹದಿನೈದನೇ ನಿಮಿಷಕ್ಕೇ ಕಾಲು ಹಿಡಿದುಕೊಂಡಿತು. ಹೊರಗೆ ಕೂತು ಕಾಲು ನೀವಿಕೊಳ್ಳುತ್ತ, ಮುಂದಿನ ಶನಿವಾರ ಯಾರು ಆಡಬೇಕು, ಯಾರನ್ನು ಮುಂದೆ ಹಾಕಬೇಕು ಎಂದು ಪಕ್ಕದಲ್ಲಿದ್ದವನಿಗೆ ವಿವರಿಸತೊಡಗಿದ. ತಾನು ಆಡುವುದು ಖಂಡಿತ ಎಂದೂ ಸೇರಿಸಿದ.