ಅಪ್ಪನ ಕಣ್ಣು ಮಗನಿಗೆ ಬಂದದ್ದು

ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಡಂ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ನಿರ್ಧಾರವಾಗುತ್ತದೆ ಎಂದು ಪ್ರತಿ ವರ್ಷ ಹತ್ತನೇ ತರಗತಿಯ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿಯೇ ಉತ್ತರಿಸುತ್ತಾರೆ. ನನ್ನ ಮನೆಯಲ್ಲಿ ಮಾತ್ರ ಈ ಪಾಠ ಇಂದಿಗೂ ಯಾರ ತಲೆಗೂ ಹೋಗಿಲ್ಲ.

ನನಗೆ ಮೊದಲ ಇಬ್ಬರೂ ಹೆಣ್ಣುಮಕ್ಕಳು. ಎರಡನೆಯ ಬಾಣಂತನ ಮುಗಿಸಿ ಬಂದ ದಿನ ಅತ್ತೆ ಮಗುವಿನ ಮುಖ ನೋಡುವ ಮೊದಲೇ ಮುಂದಿನದು ಗಂಡಾಗಲೆಂದು ಉಜ್ಜಿನಿಯ ದೇವರಿಗೆ ಹರಕೆ ಹೊತ್ತ ಸುದ್ದಿ ಹೇಳಿದರು. ಆಮೇಲೆ ಬಂದವರ ಮುಂದೆಲ್ಲ “ನಮ್ಮ ಸೊಸಿಗೆ ಬರೀ ಹೆಣ್ಣ ಆಗ್ತಾವ” ಎಂಬ ಮಾತು ಶುರುವಾಯಿತು. ಕೇಳಿ ಕೇಳಿ ಸಾಕಾಗಿ, ಒಂದು ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಾಗ ಎದುರಿಗೆ ಹೋಗಿ ಕೂತೆ. ಎರಡು ಶೇಂಗಾ ಕಾಳು ನನ್ನ ಕಡೆ ಇಟ್ಟೆ. ಒಂದು ಶೇಂಗಾ, ಒಂದು ಮೆಕ್ಕೆಜೋಳದ ಕಾಳು ಗಂಡನ ಪಾಲಿನದೆಂದು ಇನ್ನೊಂದು ಕಡೆ.

“ನೋಡ್ರಿ ಅತ್ತಿ, ಇವೆರಡು ನನ್ನವು. ನಾನು ಯಾವುದು ಕೊಟ್ರೂ ಶೇಂಗಾನ. ನಿಮ್ಮ ಮಗ ಶೇಂಗಾ ಕೊಟ್ರ ಹೆಣ್ಣು, ಮೆಕ್ಕಿಜ್ವಾಳ ಕೊಟ್ರ ಗಂಡು. ಇದರಾಗ ನಂದೇನೈತಿ ಹೇಳ್ರಿ.”

ಅತ್ತೆ ಕಾಳುಗಳನ್ನು ಚೆನ್ನಾಗಿಯೇ ನೋಡಿದರು. “ನನ್ನ ಮಗ ಮೆಕ್ಕಿಜ್ವಾಳಾನ ಕೊಟ್ಟಿರ್ತಾನ. ನಿನ್ನ ಹೊಲಕ್ಕ ಅದು ಒಗ್ಗಿಲ್ಲ” ಎಂದು, ನನ್ನ ಕಡೆಯ ಶೇಂಗಾ ಎರಡನ್ನೂ ಎತ್ತಿ ಬಾಯಿಗೆ ಹಾಕಿಕೊಂಡರು.

ನನ್ನ ಗಂಡನದು ಮೋಟಾರು ರಿಪೇರಿ ಅಂಗಡಿ. ಕೆಟ್ಟ ಮೋಟಾರಿನಲ್ಲಿ ದೋಷ ಎಲ್ಲಿದೆಯೆಂದು ಹುಡುಕುವುದೇ ಅವರ ಕೆಲಸ. ಆದರೆ ಈ ವಿಷಯ ಎತ್ತಿದರೆ “ವಯಸ್ಸಾದಾಕಿ, ಬಿಡು” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. ಮೂರನೆಯದು ಗಂಡಾಯಿತು. ಅತ್ತೆ ಪೇಡೆ ಹಂಚಿ, ಎಲ್ಲ ತಮ್ಮ ಮಗನ ಪುಣ್ಯ ಎಂದರು.

ನನ್ನಪ್ಪ ಹಡಗಲಿಯಲ್ಲಿ ಟೈಲರ್. ಅವನಿಗೆ ಹಸಿರು, ಕಂದು, ಕೆಂಪು ಬೇರೆ ಬೇರೆಯಾಗಿ ಕಾಣುವುದಿಲ್ಲ. ದಾರದ ರೀಲುಗಳನ್ನು ಅವ್ವನೇ ಆರಿಸಿ ಕೊಡಬೇಕು. ಅವಳು ಊರಲ್ಲಿಲ್ಲದಾಗ ಕಡುಹಸಿರು ರವಿಕೆಗೆ ಕಂದು ದಾರ ಹಾಕಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಕೊಟ್ಟದ್ದುಂಟು. ನನಗೆ ಬಣ್ಣ ಸರಿಯಾಗಿ ಕಂಡರೂ ಆ ಕಣ್ಣಿನ ಗುಣ ಅಪ್ಪನಿಂದ ನನ್ನೊಳಗೆ ಬಂದೇ ಇರುತ್ತದೆ, ನನ್ನ ಮಗನಿಗೆ ಅದು ಬರುವುದು ಬಿಡುವುದು ಅರ್ಧಕ್ಕರ್ಧ ಎಂದು ನನಗೆ ಗೊತ್ತಿತ್ತು. ಹಾಗಾಗಿ ನಾಲ್ಕನೇ ತರಗತಿಯಲ್ಲಿ ಅವನು ಬೇವಿನ ಮರ ಬರೆದು ಎಲೆಗೆಲ್ಲ ಮಣ್ಣಿನ ಬಣ್ಣ ಬಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹೊಸಪೇಟೆಯ ಕಣ್ಣಿನ ಡಾಕ್ಟರರೂ ಹೌದೆಂದರು. ಮನೆಗೆ ಬಂದು ಹೇಳಿದೆ.

“ದೂರದ ಬಸ್ಸಿನ ಬೋರ್ಡು ಓದ್ತಾನ. ಕಣ್ಣಿಗೇನಾಗೈತಿ ಅವಂಗ?” ಎಂದರು ಗಂಡ.

ಡಿಪ್ಲೊಮಾ ಮುಗಿಸಿದ ಮಗ ರೈಲು ಓಡಿಸುವ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದ. ಸಿಗ್ನಲ್ ದೀಪದ ಬಣ್ಣ ಗುರುತಿಸಲಾಗದವರನ್ನು ಅದಕ್ಕೆ ತಗೊಳ್ಳುವುದಿಲ್ಲ, ಬೇರೆ ಹುದ್ದೆಗೆ ಹಾಕು ಎಂದೆ. ಊಟಕ್ಕೆ ಕೂತಾಗ ಹೇಳಿದೆ, ಅರ್ಜಿ ತುಂಬುವಾಗ ಹೇಳಿದೆ. “ಶುಭ ಮಾತಾಡು” ಎಂದು ಅಪ್ಪ ಮಗ ಇಬ್ಬರೂ ನನ್ನ ಬಾಯಿ ಮುಚ್ಚಿಸಿದರು. ಲಿಖಿತ ಪರೀಕ್ಷೆ ಪಾಸಾದ ದಿನ ಅಂಗಡಿಯಲ್ಲಿ ಬಂದವರಿಗೆಲ್ಲ ಚಹಾ. ವೈದ್ಯಕೀಯ ಪರೀಕ್ಷೆಗೆ ಹೋದವನು ಮುಖ ಸಣ್ಣದು ಮಾಡಿಕೊಂಡು ಬಂದ.

“ಚುಕ್ಕಿ ಒಳಗ ಅಂಕಿ ಐತಿ, ಓದು ಅಂದ್ರಮ್ಮ. ನನಗ ಬರೀ ಚುಕ್ಕಿ ಕಂಡ್ವು” ಎಂದ.

ಅವನ ತಲೆ ಸವರಿದೆ. ಅಷ್ಟರಲ್ಲೇ ಗಂಡನ ಮೇಲೆ ಸಿಟ್ಟು ಉಕ್ಕಿತು, ಏಕೆಂದರೆ ಅವರು ಆಗ ಕೇಳಿದ್ದು, “ಇದು ಎಲ್ಲಿಂದ ಬಂತು ಇವಂಗ?”

“ನನ್ನಿಂದ ಬಂದೈತಿ. ನಮ್ಮಪ್ಪನ ಕಣ್ಣು. ಗಂಡುಮಕ್ಕಳಿಗೆ ಇದು ತಾಯಿ ಕಡೆಯಿಂದಾನ ಬರಾದು” ಎಂದೆ.

ಇಷ್ಟು ವರ್ಷದಲ್ಲಿ ನನ್ನ ವಿಜ್ಞಾನವನ್ನು ಅತ್ತೆ ಮರುಮಾತಿಲ್ಲದೆ ಒಪ್ಪಿದ್ದು ಅದೇ ಮೊದಲು. “ನಾ ಆವಾಗಿಂದ ಹೇಳಾಕತ್ತಿಲ್ಲೇನು, ಎಲ್ಲಾ ನಿನ್ನ ಕಡೆಯಿಂದ ಅಂತ? ಹೆಣ್ಣು ಆಗಿದ್ದೂ ಹಂಗ.”

“ಅದು ಬ್ಯಾರೆ, ಇದು ಬ್ಯಾರೆ ಅತ್ತಿ. ಹೆಣ್ಣು ಗಂಡು ಆಗಾದು ತಂದಿಯಿಂದ.”

“ಒಂದ್ಸಲ ತಂದಿ ಅಂತಿ, ಒಂದ್ಸಲ ತಾಯಿ ಅಂತಿ. ನಿನ್ನ ಪುಸ್ತಕಕ್ಕ ನೆಟ್ಟಗ ಒಂದು ಮಾತಿಲ್ಲ.”

ನಾನು ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ.

ಆ ಭಾನುವಾರ ಮಗ “ತಾತಗೂ ಹಿಂಗ ಕಾಣಸ್ತೈತೇನು?” ಎಂದು ಕೇಳಿದ. ಇಬ್ಬರೂ ಬಸ್ಸು ಹತ್ತಿ ಹಡಗಲಿಗೆ ಹೋದೆವು. ಅಪ್ಪ ಎಲ್ಲವನ್ನೂ ಕೇಳಿಕೊಂಡು, ಮಿಷನ್ನಿನ ಕೆಳಗಿದ್ದ ಬಟ್ಟೆಯ ತುಂಡುಗಳನ್ನು ಚಾಪೆಯ ಮೇಲೆ ಸುರಿದು ಒಂದನ್ನು ಎತ್ತಿ ಹಿಡಿದ.

“ಇದು ನಿನಗ ಯಾವ ಬಣ್ಣ?”

“ಮಣ್ಣಿನ ಬಣ್ಣ, ತಾತ.”

“ನನಗೂ ಅದ. ನಿಮ್ಮಮ್ಮ ಹಸಿರು ಅಂತಾಳ, ನೋಡು.”

ಅದು ಹಸಿರೇ ಆಗಿತ್ತು. ಇಬ್ಬರೂ ತುಂಡು ತುಂಡಾಗಿ ಎತ್ತಿ, ನನ್ನನ್ನು ಕೇಳಿ, ನಗುತ್ತ ಕೂತರು. “ಮದುವಿ ಆಗಾತನಕ ನನಗ ಗೊತ್ತಾಗಿರ್ಲಿಲ್ಲಪ್ಪ. ಎಲ್ಲಾರಿಗೂ ಹಿಂಗ ಕಾಣಸ್ತೈತಿ ಅಂದ್ಕಂಡಿದ್ದೆ. ಹೊಲಿಯಾದೇನು ನಿಂತಿಲ್ಲ” ಎಂದ ಅಪ್ಪ. ನಾನು ವರ್ಷಗಟ್ಟಲೆ ಹೇಳಿದ್ದು ಮಗನ ತಲೆಗೆ ಹೋದದ್ದು ಆ ಚಾಪೆಯ ಮೇಲೆ. ಅವನೀಗ ಹೊಸಪೇಟೆಯ ಆಫೀಸೊಂದರಲ್ಲಿ ಗುಮಾಸ್ತ, ಚೆನ್ನಾಗಿದ್ದಾನೆ.

ದೊಡ್ಡ ಮಗಳನ್ನು ಹರಪನಹಳ್ಳಿಗೆ ಕೊಟ್ಟಿದ್ದೇವೆ. ಅವಳಿಗೀಗ ದಿನ ತುಂಬುತ್ತಿವೆ. ಮೊನ್ನೆ ಫೋನಿನಲ್ಲಿ, ಅವಳ ಅತ್ತೆ ಗಂಡೇ ಆಗಬೇಕೆಂದು ಉಚ್ಚಂಗೆಮ್ಮನಿಗೆ ಹರಕೆ ಹೊತ್ತಿದ್ದಾರೆಂದಳು.

“ಅದು ತಂದಿಯಿಂದ ಆಗಾದು, ನಿನ್ನ ಕೈಯಾಗಿಲ್ಲ ಅಂತ ಹೇಳಬೇಕಿಲ್ಲೇನು?” ಎಂದೆ.

“ಹೇಳ್ದೆ ಅಮ್ಮ. ಎಲ್ಲದಕ್ಕೂ ನನ್ನ ಮಗನ್ನ ಎಳೀಬ್ಯಾಡ ಅಂದ್ರು.”