ಚಿಮಟ ಕಾಣೆಯಾದ ತಿಂಗಳು

ನಮ್ಮ ಮನೆಯ ಚಿಮಟ ಕಾಣೆಯಾದ ಸೋಮವಾರ ನಾನು ಮೊದಲು ಅನುಮಾನಪಟ್ಟದ್ದು ಓರಗಿತ್ತಿಯ ಮೇಲೆ. ಗೋಡೆಗೆ ಗೋಡೆ ತಾಗಿದ ಮನೆ ಅವಳದು. ಕೇಳದೆ ಒಳಗೆ ಬರುತ್ತಾಳೆ, ಕೇಳದೆ ಸಾಸಿವೆ ಡಬ್ಬಿಗೆ ಕೈ ಹಾಕುತ್ತಾಳೆ. ಅವಳಲ್ಲದಿದ್ದರೆ ನಮ್ಮ ಯಜಮಾನರು. ಎತ್ತಿಕೊಂಡದ್ದನ್ನು ಎಲ್ಲಿಟ್ಟೆನೆಂದು ಅವರಿಗೆ ಯಾವತ್ತೂ ನೆನಪಿರುವುದಿಲ್ಲ. ಮಗಳ ಮೇಲೆ ಅನುಮಾನ ಬಂದದ್ದು ಕೊನೆಗೆ. ಬಂದ ಮೇಲೆ ಮಾತ್ರ ಅದು ಹೋಗಲಿಲ್ಲ.

ನನ್ನ ಸ್ವಭಾವವೇ ಹಾಗೆ. ತರಕಾರಿಯವನ ತಕ್ಕಡಿಯನ್ನೂ ನಂಬುವುದಿಲ್ಲ, ಟಿವಿಯಲ್ಲಿ ಹಲ್ಲು ಕಿರಿಯುವ ಸೋಪಿನ ಹುಡುಗಿಯನ್ನೂ ನಂಬುವುದಿಲ್ಲ. ನೆಟ್ಟಗೆ ನನ್ನ ಮುಖ ನೋಡಿ ಮಾತಾಡುವವರನ್ನಂತೂ ಇನ್ನೂ ನಂಬುವುದಿಲ್ಲ. ಏಕೆಂದರೆ ಅವರು ನೋಡುತ್ತಿರುವುದು ನನ್ನ ಕಣ್ಣನ್ನಲ್ಲ, ಗಲ್ಲದ ಮೇಲಿನ ಗುಳಿಗಳನ್ನು.

ಮೊಳಕಾಲ್ಮೂರಿನಲ್ಲಿ ನಮ್ಮದು ನೇಯುವ ಮನೆ. ಯಜಮಾನರು ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಾರೆ. ಮಗ್ಗದಿಂದ ಇಳಿದ ಸೀರೆಯನ್ನು ಚೊಕ್ಕ ಮಾಡುವುದು ನನ್ನ ಕೆಲಸ. ಹೊಸ್ತಿಲ ಬೆಳಕಿಗೆ ಓರೆಯಾಗಿ ಹಿಡಿದು, ಮೇಲೆ ಅಂಗೈ ಆಡಿಸಿ, ಬೆರಳಿಗೆ ಎಲ್ಲಿ ಎಳೆಯ ಗಂಟು ತಾಗುತ್ತದೋ ಅಲ್ಲಿ ಚೂಪು ತುದಿಯ ಚಿಮಟದಿಂದ ಹಿಡಿದು ಕೀಳಬೇಕು. ಒಂದು ಗಂಟು ಉಳಿದರೂ ಸೀರೆ ಕೊಳ್ಳುವವರು ಮೂಗು ಮುರಿಯುತ್ತಾರೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ ಕೈ ಗಂಟು ಕಂಡರೆ ಸುಮ್ಮನಿರುವುದಿಲ್ಲ.

ನನ್ನ ತವರು ಚಳ್ಳಕೆರೆ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಹದಿನೈದಕ್ಕೆ ನನ್ನ ಮುಖದ ತುಂಬ ಮೊಡವೆ ಎದ್ದಾಗ ಅಜ್ಜಿ ಶೇಂಗಾದ ಮೇಲೆ ಗೂಬೆ ಕೂರಿಸಿದಳು. ಶೇಂಗಾ ಎಣ್ಣೆ ಬಿಡು, ಶೇಂಗಾ ಚಟ್ನಿ ಬಿಡು ಅಂದಳು. ಊರಿಗೆ ಊರೇ ಶೇಂಗಾ ವಾಸನೆ ಹೊಡೆಯುವಾಗ ನಾನೊಬ್ಬಳು ಬರೀ ರೊಟ್ಟಿ ಮುರಿದು ತಿಂದೆ. ಮೊಡವೆ ಒಂದೂ ಕಮ್ಮಿಯಾಗಲಿಲ್ಲ. ಆಮೇಲೆ ಮೆಡಿಕಲ್ ಶಾಪಿನವನು ಒಂದು ಟ್ಯೂಬು ಕೊಟ್ಟ. ವಾರದಲ್ಲಿ ಮುಖ ಬೆಳ್ಳಗಾಯಿತು. ಅವ್ವ ಆರತಿ ಎತ್ತುವುದೊಂದು ಬಾಕಿ. ಟ್ಯೂಬು ನಿಲ್ಲಿಸಿದ್ದೇ ತಡ, ಮುಖ ಕೆಂಪೇರಿ, ಮೊದಲಿನದರ ಎರಡರಷ್ಟು ಮೊಡವೆ ಎದ್ದವು. ಅವತ್ತಿನಿಂದ ಟ್ಯೂಬು ಅಂದರೆ ನನಗೆ ಹಾವು ಕಂಡ ಹಾಗೆ.

ಸೊಸೆಯಾಗಿ ಈ ಮನೆಗೆ ಬಂದ ಮೊದಲ ವಾರ ಅತ್ತೆ ಒಂದು ಸೀರೆ ಮುಗಿಸಿ, ಚಿಮಟ ಕೆಳಗಿಡದೆ, ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. “ಎನ್ನಿ ಮೊಟಿಮಲೇ ನೀಕು” ಅಂದರು. ಅವರದು ಅರ್ಧ ತೆಲುಗು, ಅರ್ಧ ಕನ್ನಡ. ಎಷ್ಟು ಮೊಡವೆಯೇ ನಿನಗೆ ಎಂದು ಅರ್ಥ. ಹೇಳಿದವರೇ ಒಂದೊಂದನ್ನೂ ಚಿಮಟದಿಂದ ಹಿಡಿದು ಕಿತ್ತರು. ಜೀವ ಹೋದಷ್ಟು ನೋವು. ಆದರೆ ಮುಗಿದ ಮೇಲೆ ಅವರು ಸೆರಗಿನಿಂದ ನನ್ನ ಮುಖ ಒರೆಸಿದರು. ಹೊಸ ಮನೆಯಲ್ಲಿ ನನ್ನನ್ನು ಯಾರಾದರೂ ಮುಟ್ಟಿದ್ದು ಅದೇ ಮೊದಲು. ಪ್ರೀತಿ ಅಂದರೆ ಇದೇ ಅಂದುಕೊಂಡೆ. ಸೀರೆ ಮುಗಿದ ಮೇಲೆ ಮುಖ ಎನ್ನುವುದು ನಮ್ಮ ಮನೆಯ ಹೆಂಗಸರ ಪದ್ಧತಿಯೇ ಆಗಿತ್ತು. ಅತ್ತೆ ತೀರಿಕೊಂಡ ಮೇಲೆ ನಾನೇ ಕನ್ನಡಿ ಹಿಡಿದು ನನ್ನದನ್ನು ಕಿತ್ತುಕೊಂಡೆ.

ಹೋದ ವರ್ಷ ಮಗಳು ಪಿಯುಸಿಗೆಂದು ಚಳ್ಳಕೆರೆಯ ಹಾಸ್ಟೆಲ್ಲಿಗೆ ಸೇರಿದಳು. ಶನಿವಾರ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಾಳೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಹಣೆಯಲ್ಲಿ, ಗಲ್ಲದಲ್ಲಿ ಮೊಡವೆ ಎದ್ದವು. ನನ್ನ ಮುಖ ಅವಳಿಗೆ ಬರಬಾರದು, ಅದೊಂದೇ ನನ್ನ ತಲೆಯಲ್ಲಿದ್ದದ್ದು. ಪ್ರತಿ ಭಾನುವಾರ ಸೀರೆ ಮಡಿಸಿಟ್ಟು, ಅವಳನ್ನು ಹೊಸ್ತಿಲಲ್ಲಿ ಕೂರಿಸಿ, ಚಿಮಟ ಹಿಡಿದೆ.

“ಬ್ಯಾಡವ್ವ, ಉರೀತೈತೆ” ಎಂದು ಅಳುತ್ತಿದ್ದಳು.

“ಸುಮ್ನಿರೇ, ಬಿಟ್ರೆ ಬೇರು ಬಿಡ್ತೈತೆ” ಎಂದು ಗದರುತ್ತಿದ್ದೆ.

ಕೆಲವು ವಾರಗಳಾದ ಮೇಲೆ ಅವಳು ಬಸ್ಸಿಳಿದು ಬರುವಾಗಲೇ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬರತೊಡಗಿದಳು. ದಾರಿಯ ಧೂಳಿಗೆ ಇರಬಹುದು ಅಂದುಕೊಂಡೆ. ಮನೆಯೊಳಗೂ ಬಿಚ್ಚಲಿಲ್ಲ. ಭಾನುವಾರ ನಾನು ಸೀರೆ ಮಡಿಸುವ ಹೊತ್ತಿಗೆ ಅವಳಿಗೆ ಸರಿಯಾಗಿ ಗೆಳತಿಯ ಮನೆಯಲ್ಲಿ ನೋಟ್ಸ್ ನೆನಪಾಗುತ್ತಿತ್ತು. ಒಮ್ಮೆ ಪಕ್ಕ ಹಾದು ಹೋದಾಗ ಏನೋ ಔಷಧಿಯ ವಾಸನೆ ಬಂತು. ಅದರ ಹಿಂದೆಯೇ ಬಂದ ಸೋಮವಾರ ಚಿಮಟ ಇರಲಿಲ್ಲ.

ಓರಗಿತ್ತಿಯ ಮನೆಗೆ ಕಾಫಿಪುಡಿ ಕೇಳುವ ನೆಪದಲ್ಲಿ ಹೋಗಿ ಅವಳ ಗೂಡು, ಕಿಟಕಿ, ದೇವರ ಮೂಲೆ ಎಲ್ಲ ಕಡೆ ಕಣ್ಣಾಡಿಸಿದೆ. ಅವಳ ಹತ್ತಿರ ಇದ್ದದ್ದು ಅವಳದೇ ಮೊಂಡು ಚಿಮಟ. ನಾಚಿಕೆಯಿಲ್ಲದೆ ಅದನ್ನೇ ಕೇಳಿ ತಂದೆ. ಆ ಮೊಂಡಿನಲ್ಲಿ ಒಂದು ತಿಂಗಳು ಗಂಟು ಕಿತ್ತೆ, ಎಳೆಗೆ ಎಳೆ ಹರಿಯಿತು, ಯಜಮಾನರ ಕೈಲಿ ಬೈಸಿಕೊಂಡೆ. ಬೈಸಿಕೊಂಡಷ್ಟೂ ಅನುಮಾನ ಮಗಳ ಕಡೆಗೆ ತಿರುಗಿತು. ಚಿಮಟ ಒಯ್ದು ಹಾಸ್ಟೆಲ್ಲಿನಲ್ಲಿ ತಾನೇ ಕಿತ್ತುಕೊಳ್ಳುತ್ತಿದ್ದಾಳೆ, ಮೇಲೆ ನನ್ನಂತೆಯೇ ಯಾವುದೋ ಬೆಳ್ಳಗಾಗುವ ಟ್ಯೂಬು ಬಳಿಯುತ್ತಿದ್ದಾಳೆ ಅನ್ನಿಸಿತು. ಶನಿವಾರ ಬಂದಾಗ ಕೇಳಿದರೂ, ಫೋನ್ ಮಾಡಿ ಕೇಳಿದರೂ “ಏನಿಲ್ಲವ್ವ” ಅನ್ನುತ್ತಾಳೆ. ಏನಿಲ್ಲ ಅನ್ನುವವರ ಹತ್ತಿರವೇ ಎಲ್ಲ ಇರುವುದು! ಹೇಳದೆ ಕೇಳದೆ ಚಳ್ಳಕೆರೆ ಬಸ್ಸು ಹತ್ತಿದೆ.

ಹಾಸ್ಟೆಲ್ಲಿನ ವಾರ್ಡನ್ ಕನ್ನಡಕದ ಮೇಲಿಂದ ನೋಡಿ, “ಆಸ್ಪತ್ರೆಗೆ ಹೋಗಿದಾಳಲ್ಲ. ಹೋದ ತಿಂಗಳೂ ಹೋಗಿದ್ಲು, ನಿಮಗೆ ಗೊತ್ತಿಲ್ವಾ?” ಅಂದರು.

ಹದಿನೇಳರ ಹುಡುಗಿ, ಮನೆಗೆ ತಿಳಿಸದೆ, ಒಬ್ಬಳೇ ಆಸ್ಪತ್ರೆಗೆ. ಯಾವ ತಾಯಿಯ ತಲೆಗೂ ಮೊದಲು ಏನು ಬರುತ್ತದೋ ಅದೇ ನನ್ನ ತಲೆಗೂ ಬಂತು. ಆಟೋದಲ್ಲಿ ಕೂತು ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊತ್ತೆ. ಆಸ್ಪತ್ರೆಯಲ್ಲಿ ಅವಳು ಕಂಡದ್ದು ಚರ್ಮದ ಡಾಕ್ಟರ ಕೋಣೆಯ ಮುಂದಿನ ಬೆಂಚಿನ ಮೇಲೆ. ಅಬ್ಬಾ ಎಂದು ಉಸಿರು ಬಿಟ್ಟೆ. ಬಿಟ್ಟ ಮರುಗಳಿಗೆಗೆ ಸಿಟ್ಟು ಬಂತು.

“ಅವ್ವ! ನೀನ್ಯಾಕೆ ಬಂದೆ?” ಎಂದು ಎದ್ದು ನಿಂತಳು. ದುಪಟ್ಟಾ ಇರಲಿಲ್ಲ. ನನ್ನನ್ನು ಕಂಡದ್ದೇ ಅವಳ ಕೈ ಗಲ್ಲ ಮುಚ್ಚಿಕೊಂಡಿತು.

ಉತ್ತರ ಕೊಡುವಷ್ಟರಲ್ಲಿ ಒಳಗೆ ಕರೆದರು. ಡಾಕ್ಟರ್ ಹೆಂಗಸು, ನನಗಿಂತ ಚಿಕ್ಕವರು, ಮುಖ ಬೆಣ್ಣೆಯಂತೆ ನುಣುಪು. ಇವರಿಗೇನು ಗೊತ್ತು ಮೊಡವೆಯ ಕಷ್ಟ ಅಂದುಕೊಂಡೆ. ಅವರು ಮಗಳ ಗಲ್ಲದ ಮೇಲೆ ಸಣ್ಣ ದೀಪವನ್ನು ಓರೆಯಾಗಿ ಹಿಡಿದು ನೋಡಿದರು. ಅದು ಮಾತ್ರ ನನಗೆ ಹಿಡಿಸಿತು. ಗಂಟು ಹುಡುಕಲು ನಾನೂ ಬೆಳಕನ್ನು ಹಾಗೇ ಓರೆಯಾಗಿ ಬೀಳಿಸುತ್ತೇನೆ.

“ಹೊಸದಾಗಿ ಯಾವ್ದನ್ನೂ ಕಿತ್ತಿಲ್ಲ, ಒಳ್ಳೇದು” ಅಂದರು. “ಹಳೇವನ್ನೆಲ್ಲ ಯಾರು ಕಿತ್ತಿದ್ದು? ಹೋದ ಸಲ ಕೇಳಿದ್ರೆ ಹೇಳ್ಲಿಲ್ಲ ನೀನು.”

ಮಗಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

“ಇವಳೇ ಮೇಡಂ” ಎಂದೆ ನಾನು. “ನಮ್ಮನೆ ಚಿಮಟ ಕದ್ಕೊಂಡು ಬಂದು ಕಿತ್ಕೊಂಡಿದಾಳೆ.”

ಈಗ ಬರೆಯುವಾಗಲೂ ಆ ಮಾತಿಗೆ ನನ್ನ ಕಿವಿ ಬಿಸಿಯಾಗುತ್ತದೆ. ಹಳೆಯವನ್ನೆಲ್ಲ ಕಿತ್ತವಳು ನಾನೇ, ಹೇಳಿದ್ದು ಸುಳ್ಳೆಂದು ಗೊತ್ತಿತ್ತು. ಒಬ್ಬ ಡಾಕ್ಟರ ಮುಂದೆ ನನ್ನ ಹೆಸರು ಬರಬಾರದೆಂದು ಹೆತ್ತ ಮಗಳ ಮೇಲೆ ಹಾಕಿದೆ.

ಮಗಳು ಬ್ಯಾಗಿನ ತಳದಿಂದ ಕರ್ಚೀಫಿನ ಒಂದು ಗಂಟು ತೆಗೆದು ಬಿಚ್ಚಿ ಮೇಜಿನ ಮೇಲಿಟ್ಟಳು. ನಮ್ಮ ಚಿಮಟ.

“ಇದು ಮನೇಲಿದ್ರೆ ಅವ್ವನ ಕೈ ಸುಮ್ನಿರಲ್ಲ ಮೇಡಂ. ಅದಕ್ಕೇ ತಂದಿಟ್ಕೊಂಡೀನಿ” ಅಂದಳು.

ಡಾಕ್ಟರ್ ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ತಿರುಗಿ ಬೈದು ಎದ್ದು ಬರುತ್ತಿದ್ದೆ. ಅವರು ಸುಮ್ಮನೆ ನನ್ನ ಮುಖ ನೋಡಿ, “ನಿಮಗೂ ಹಿಂಗೇ ಮಾಡಿದ್ರಾ?” ಎಂದು ಕೇಳಿದರು.

ಆಮೇಲೆ ನಾನೇ ಜಗಳಕ್ಕೆ ನಿಂತವಳ ಹಾಗೆ ಪ್ರಶ್ನೆ ಹಾಕಿದೆ. ಶೇಂಗಾ ಎಣ್ಣೆಯಿಂದ ಅಲ್ಲವೇ? “ತಿಂದ ಎಣ್ಣೆ ಮುಖಕ್ಕೆ ಬರಲ್ಲಮ್ಮ” ಎಂದು ನಕ್ಕರು. ಬಿಟ್ಟ ಚಟ್ನಿಯೆಲ್ಲ ದಂಡ! ಚರ್ಮದೊಳಗೇ ಎಣ್ಣೆ ಬಿಡುವ ಸಣ್ಣ ಗ್ರಂಥಿಗಳಿವೆಯಂತೆ. ಪ್ರಾಯಕ್ಕೆ ಬಂದಾಗ ಹಾರ್ಮೋನಿನ ಆಟಕ್ಕೆ ಅವು ಜಾಸ್ತಿ ಎಣ್ಣೆ ಬಿಡುತ್ತವೆ, ಸತ್ತ ಚರ್ಮ ಸೇರಿ ರಂಧ್ರ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತದೆ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಹಳೆಯ ಟ್ಯೂಬಿನ ಕಥೆ ಹೇಳಿದರೆ, ಅದರಲ್ಲಿ ಸ್ಟೆರಾಯ್ಡ್ ಇದ್ದಿರಬೇಕು, ಬೆಳ್ಳಗೆ ಮಾಡಿದ ಹಾಗೆ ಮಾಡಿ ಮುಖ ಕೆಡಿಸುವುದೇ ಅದರ ಕೆಲಸ ಅಂದರು. ಅಂಗಡಿಯವನ ಮೇಲಿದ್ದ ನನ್ನ ಅನುಮಾನ ಒಂದಾದರೂ ನಿಜವಾಯಿತಲ್ಲ ಎಂದು ಸಮಾಧಾನವಾಯಿತು.

“ಕಿತ್ರೆ ಏನಾಗ್ತೈತೆ?” ಎಂದೆ.

“ಕೀವು ಹೊರಗೆ ಬಂದಂಗೆ ಕಾಣ್ತೈತೆ ಅಷ್ಟೇ. ಒಳಗೋಡೆ ಒಡೆದು ಇನ್ನೂ ಆಳಕ್ಕೆ ಇಳೀತೈತೆ. ವಾಸಿಯಾಗುವಾಗ ಅಲ್ಲಿ ಗುಳಿ ಬೀಳ್ತೈತೆ. ನೋಡಿ, ಇವಳ ಈ ಕಪ್ಪು ಕಲೆಗಳು ತಿಂಗಳುಗಳಲ್ಲಿ ತಾವೇ ತಿಳಿಯಾಗ್ತಾವೆ, ಬಿಸಿಲಿಗೆ ಕ್ರೀಮ್ ಹಚ್ಚಿದ್ರೆ ಸಾಕು. ಮೊಡವೆಗೆ ಜೆಲ್ ಕೊಟ್ಟೀನಿ, ಎರಡು ಮೂರು ತಿಂಗಳು ಬಿಡದೆ ಹಚ್ಬೇಕು.” ಆಮೇಲೆ ದೀಪವನ್ನು ಇನ್ನಷ್ಟು ಓರೆ ಮಾಡಿದರು. “ಈ ಎರಡು ಮಾತ್ರ ತಾವಾಗಿ ಹೋಗಲ್ಲ.”

ಎಡಗಲ್ಲದಲ್ಲಿ ಎರಡು ಗುಳಿ, ಸಾಸಿವೆ ಕಾಳಿನಷ್ಟು. ಯಾವ ಭಾನುವಾರದ್ದೆಂದು ನನಗೆ ಗೊತ್ತಿತ್ತು. ಅವತ್ತು ಅವಳು ಬಹಳ ಅತ್ತಿದ್ದಳು. ನನ್ನ ಮುಖ ಅವಳಿಗೆ ಬರಬಾರದೆಂದು ಚಿಮಟ ಹಿಡಿದವಳು ನಾನು. ಆ ಮುಖವನ್ನು ಅವಳಿಗೆ ತಂದು ಕೊಟ್ಟವಳೂ ನಾನೇ.

ಗುಳಿಗೆ ದಾರಿಯಿದೆ, ಮೊಡವೆ ಪೂರ್ತಿ ನಿಂತ ಮೇಲೆ ಎಂದರು. ಸಣ್ಣ ಸೂಜಿಗಳಿಂದ ಚುಚ್ಚಿ ಚರ್ಮ ಹೊಸದಾಗಿ ತುಂಬಿಕೊಳ್ಳುವಂತೆ ಮಾಡುತ್ತಾರೆ. ಕೆಲವಕ್ಕೆ ಆಸಿಡ್ ಹನಿ, ಕೆಲವಕ್ಕೆ ಲೇಸರ್. ಲೇಸರಿಗೆ ದೊಡ್ಡ ಊರಿಗೆ ಹೋಗಬೇಕು. ನನ್ನವು ಹಳೆಯವು, ಅಗಲವಾದವು. ಅವುಗಳ ಕೆಳಗೆ ನಾರುಗಳು ಬಿಗಿದು ಚರ್ಮವನ್ನು ಒಳಗೆ ಜಗ್ಗಿ ಹಿಡಿದಿವೆಯಂತೆ. ಮರಗಟ್ಟಿಸಿ, ಸೂಜಿಯನ್ನು ಕೆಳಗಿನಿಂದ ತೂರಿಸಿ ಆ ನಾರು ಬಿಡಿಸಿದರೆ ಗುಳಿ ಮೇಲೇಳುತ್ತದೆ. ಇದೊಂದು ನನಗೆ ಚೆನ್ನಾಗಿ ಅರ್ಥವಾಯಿತು. ಒಂದು ಎಳೆ ಬಿಗಿಯಾದರೆ ಸೀರೆ ಅಲ್ಲಿ ಸುಕ್ಕುಗಟ್ಟುತ್ತದೆ, ಮೇಲಿನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

“ಪೂರ್ತಿ ಹೋಗ್ತಾವಾ?” ಎಂದು ಕಣ್ಣು ಕಿರಿದು ಮಾಡಿ ಕೇಳಿದೆ.

“ಇಲ್ಲ. ಕಮ್ಮಿ ಆಗ್ತಾವೆ. ನಾಲ್ಕೈದು ಸಲ ಬರ್ಬೇಕು. ಪೂರ್ತಿ ತೆಗೀತೀನಿ ಅನ್ನೋರನ್ನ ನಂಬಬೇಡಿ.”

ಮುಖದ ವಿಷಯದಲ್ಲಿ ‘ಇಲ್ಲ’ ಎಂದ ಮೊದಲ ಮನುಷ್ಯರು ಅವರು. ನಂಬಿದೆ.

ಬಸ್ ನಿಲ್ದಾಣದಲ್ಲಿ ಕೈ ಚಾಚಿದೆ. “ಕೊಡೇ. ಸೀರೆ ಕೆಲ್ಸ ನಿಂತೈತೆ.”

ಮಗಳು ಬ್ಯಾಗನ್ನು ಎದೆಗೆ ಒತ್ತಿಕೊಂಡಳು. “ಶನಿವಾರ ನಾನೇ ತರ್ತೀನವ್ವ. ಸೀರೆ ಮುಗಿಸಿ ನನಗೇ ವಾಪಸ್ ಕೊಡ್ಬೇಕು.”

ಬರಿಗೈಯಲ್ಲಿ ಬಸ್ಸು ಹತ್ತಿ ವಾಪಸು ಬಂದೆ. ನನ್ನ ಮಗಳಿಗೆ ನನ್ನ ಮೇಲೆ ಅನುಮಾನ. ಯಾರಿಂದ ಕಲಿತಳೆಂದು ಕೇಳುವ ಹಾಗೂ ಇರಲಿಲ್ಲ. ಕಿಟಕಿಯ ಕಡೆ ತಿರುಗಿ ಅತ್ತುಬಿಟ್ಟೆ. ಪಕ್ಕದವಳು ಕೇಳಿದಾಗ ಧೂಳು ಅಂದೆ.

ಈಗ ಶನಿವಾರ ಸಂಜೆ ಅವಳು ಬಂದವಳೇ ಚಿಮಟ ಕೊಡುತ್ತಾಳೆ. ಭಾನುವಾರ ಸೀರೆ ಮಡಿಸಿ ಅದನ್ನು ಅವಳ ಅಂಗೈಗೆ ಹಾಕಬೇಕು. ಹಾಕಿದ ಮೇಲೆಯೇ ಅವಳು ದುಪಟ್ಟಾ ಬಿಚ್ಚುತ್ತಾಳೆ. ಮೊಡವೆ ಬಹಳ ಇಳಿದಿವೆ. ಗದ್ದದಲ್ಲಿ ಒಂದು ಹಣ್ಣಾಗಿದ್ದರೆ ನನ್ನ ಬೆರಳು ತಾನಾಗಿ ಏಳುತ್ತದೆ, ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಎರಡು ಗುಳಿ ಹಾಗೇ ಇವೆ. ಪರೀಕ್ಷೆ ಮುಗಿದ ಮೇಲೆ ಅವಕ್ಕೆ ಸೂಜಿ ಹಾಕಿಸಬೇಕು.

ಡಾಕ್ಟರ್ ನನ್ನ ಗುಳಿಗಳ ಕೆಳಗಿನ ನಾರನ್ನು ಮೊದಲ ಸಲ ಬಿಡಿಸಿದ ವಾರ ಮುಖ ಊದಿ ನೀಲಿಗಟ್ಟಿತ್ತು. ಆ ಭಾನುವಾರ ಮಗಳು ಚಿಮಟವನ್ನು ಬ್ಯಾಗಿಗೆ ಹಾಕಿ, ಡಾಕ್ಟರ್ ಕೊಟ್ಟ ಮುಲಾಮು ಹಿಡಿದು ನನ್ನನ್ನು ಹೊಸ್ತಿಲಲ್ಲಿ ಕೂರಿಸಿದಳು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಥೇಟ್ ಅತ್ತೆಯ ಹಾಗೆ. ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

“ಯಾಕವ್ವ ಹಂಗೆ ಹೆದರ್ತೀಯಾ?” ಅಂದಳು. “ನಾನು ಕೀಳಲ್ಲ.”