ಇಸ್ತ್ರಿ ಅಜ್ಜಿ ಶಿಶುವಿಹಾರಕ್ಕೆ ನುಗ್ಗಿದ್ದು

ಇಸ್ತ್ರಿ ಅಜ್ಜಿಯ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ರಸ್ತೆಯ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಕೆಂಡದ ಪೆಟ್ಟಿಗೆ ಓಡಿಸುತ್ತಾ, ಹೋಗಿಬರುವವರನ್ನೆಲ್ಲ ಮಾತಿನಲ್ಲೇ ತೀಡಿ ಮಡಚಿಡುತ್ತಿದ್ದಳು. ಗಾಡಿಯ ಪಕ್ಕದಲ್ಲಿ ಗೋಣಿತಾಟಿನ ಮೇಲೆ ಕೂತಿರುತ್ತಿದ್ದ ನಾಲ್ಕು ವರ್ಷದ ಮೊಮ್ಮಗಳು ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಟ್ಟೆಗಳಿಂದ ಉದುರಿದ ಗುಂಡಿಗಳನ್ನು ಆಯ್ದು ಆಡುತ್ತಿದ್ದುದರಿಂದ ಅವಳಿಗೆ ಗುಂಡಿ ಎಂದೇ ಹೆಸರು ಬಿದ್ದಿತ್ತು. ತಾಯಿ ಬೆಳಗಾದರೆ ಹೊಲಿಗೆ ಕಾರ್ಖಾನೆಗೆ ಓಡುವವಳು. ಹಸಿವಾ ಎಂದರೆ ತಲೆಯಾಡಿಸುವುದು, ನಿದ್ದೆಯಾ ಎಂದರೆ ಕಣ್ಣು ಮುಚ್ಚುವುದು, ಇಷ್ಟರಲ್ಲೇ ಗುಂಡಿಯ ದಿನ ಕಳೆಯುತ್ತಿತ್ತು.

ಪಕ್ಕದ ಓಣಿಯ ಶಿಶುವಿಹಾರದ ಟೀಚರ್ ಒಮ್ಮೆ ಇಸ್ತ್ರಿಗೆ ಬಟ್ಟೆ ತಂದವರು ಮಗುವನ್ನು ನೋಡಿ, "ಅಜ್ಜಿ, ಇವಳನ್ನ ನಮ್ಮಲ್ಲಿಗೆ ಕಳಿಸಿ. ಏನೂ ಕೊಡೋದು ಬೇಡ, ಮಧ್ಯಾಹ್ನದ ಊಟಾನೂ ಇರುತ್ತೆ" ಎಂದರು.

"ಅಲ್ಲಿ ಏನು ಕಲಿಸ್ತೀರಿ?"

"ಆಟ ಆಡಿಸ್ತೀವಿ, ಕತೆ ಹೇಳ್ತೀವಿ."

"ಆಟ ಆಡೋಕೂ ಟೀಚರ್ ಬೇಕಾ? ನಾಳೆ ಆಕಳಿಸೋಕೂ ಒಂದು ಶಾಲೆ ತೆಗೀತೀರಿ ಬಿಡಿ!"

ಸಂಜೆ ಕಾರ್ಖಾನೆಯಿಂದ ಬಂದು ಸುದ್ದಿ ಕೇಳಿದ ಮಗಳು, "ಅಮ್ಮಾ, ದಿನವೆಲ್ಲ ಕೆಂಡದ ಹೊಗೆ ಕುಡಿಯೋದಕ್ಕಿಂತ ಅದೇ ವಾಸಿ" ಎಂದು ಹಟ ಹಿಡಿದು ಮರುದಿನವೇ ಸೇರಿಸಿಬಿಟ್ಟಳು.

ಮೂರು ವಾರ ಹೇಗೋ ತಡೆದುಕೊಂಡ ಅಜ್ಜಿ ಒಂದು ದಿನ ಕೆಂಡಕ್ಕೆ ಬೂದಿ ಮುಚ್ಚಿ, ಹೋಗಿ ಶಿಶುವಿಹಾರದ ಕಿಟಕಿಯಲ್ಲಿ ಇಣುಕಿದಳು. ಒಳಗೆ ಗುಂಡಿ ಚಾಪೆಯ ಮೇಲೆ ಕೂತು ಗುಂಡಿಗಳನ್ನು ಎರಡು ಬಟ್ಟಲುಗಳಿಗೆ ಹಾಕುತ್ತಿದ್ದಳು! ಅಜ್ಜಿಯ ಪಿತ್ತ ನೆತ್ತಿಗೇರಿತು. ಸೀದಾ ಒಳಗೆ ನುಗ್ಗಿದಳು.

"ನನ್ನ ಗಾಡಿ ಹತ್ರಾನೂ ಇದನ್ನೇ ಮಾಡ್ತಿದ್ಲಲ್ಲಮ್ಮ!"

ಟೀಚರ್ ನಗುತ್ತಾ, "ಕೂತ್ಕೊಳ್ಳಿ ಅಜ್ಜಿ" ಎಂದು ಕೈಗೆ ಸಿಕ್ಕ ಪುಟ್ಟ ಕುರ್ಚಿಯನ್ನೇ ತಳ್ಳಿದರು. ಅಜ್ಜಿ ಧೊಪ್ಪೆಂದು ಕೂತಳು. "ಪುಟ್ಟಿ, ಇದು ಯಾಕೆ ಬೇರೆ ಬಟ್ಟಲಲ್ಲಿದೆ? ಅಜ್ಜಿಗೆ ಹೇಳು."

ಗುಂಡಿ ಬಟ್ಟಲಿನಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ಇದಕ್ಕೆ ನಾಲ್ಕು ತೂತು ಅಜ್ಜಿ. ಅದಕ್ಕೆ ಎರಡೇ. ಅದಕ್ಕೇ ಬೇರೆ ಮನೆ."

ಮೊಮ್ಮಗಳ ಬಾಯಲ್ಲಿ ಅಷ್ಟುದ್ದದ ಮಾತನ್ನು ಅಜ್ಜಿ ಹುಟ್ಟಿದಾರಭ್ಯ ಕೇಳಿರಲಿಲ್ಲ. ಅಪ್ಪಿಕೊಳ್ಳೋಣವೆಂದು ಎದ್ದರೆ ಕುರ್ಚಿಯೂ ಜೊತೆಗೇ ಎದ್ದಿತು! ಅತ್ತ ತಿರುಗಿದರೆ ಅತ್ತ, ಇತ್ತ ತಿರುಗಿದರೆ ಇತ್ತ. ಟೀಚರ್ ಎಳೆದು ಸೋತರು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಆಗ ಗುಂಡಿ ಚಾಪೆಯಿಂದೆದ್ದು ನಿಂತಳು. "ಯಾರೂ ನಗಬೇಡಿ! ಸಾಲಾಗಿ ಬನ್ನಿ, ತಳ್ಳಬೇಡಿ! ನಾನು ಮೂರು ಅಂದಾಗ ಎಳೀರಿ. ಒಂದು, ಎರಡು, ಮೂರು!"

ಟಪ್ಪೆಂದು ಕುರ್ಚಿ ಕಳಚಿತು. ಹನ್ನೊಂದು ಮಕ್ಕಳು ಒಬ್ಬರ ಮೇಲೊಬ್ಬರು ಮೂಟೆಯಂತೆ ಉರುಳಿದರು. ಅಜ್ಜಿ ನೆಲದಲ್ಲೇ ಕೂತು, ಕಣ್ಣೀರು ಬರುವಷ್ಟು ನಕ್ಕು, "ಅಯ್ಯೋ ನಿನ್ನ! ಇಷ್ಟು ದೊಡ್ಡ ಗಂಟಲಿತ್ತೇನೇ ನಿಂಗೆ?" ಎಂದು ಕೇಳಿದಳು.

"ಇತ್ತಜ್ಜಿ. ನೀನು ಮಾತು ಮುಗಿಸ್ತೀಯ ಅಂತ ಕಾಯ್ತಿದ್ದೆ."

ಅಜ್ಜಿಗೆ ಅದು ಎದೆಗೇ ತಾಗಿತು. ಅಂದು ಮಧ್ಯಾಹ್ನ ಗಾಡಿಯ ಬಳಿ ಅವಳು ಮೌನವಾಗಿದ್ದುದನ್ನು ಕಂಡು ಗಿರಾಕಿಗಳು ಜ್ವರವೇ ಎಂದು ವಿಚಾರಿಸಿದರು. ಸಂಜೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, "ಇವತ್ತೇನಾಯ್ತೇ?" ಎಂದು ಕೇಳಿ ತಾನು ಸುಮ್ಮನಾಗುವುದನ್ನು ಅಭ್ಯಾಸ ಮಾಡಿದಳು. ಮೊದಮೊದಲು ಬಹಳ ಕಷ್ಟವಾಯಿತು. ಉಳಿದ ಮಾತನ್ನೆಲ್ಲ ಬೀದಿಯ ಮೇಲೆ ಖರ್ಚು ಮಾಡಿದಳು. ಗಾರೆ ಕೆಲಸದವನ ಅವಳಿ ಮಕ್ಕಳು, ಪಾತ್ರೆ ತೊಳೆಯುವವಳ ಮಗ, ಎಲ್ಲರೂ ಅವಳ ಬಾಯಿಗೆ ಹೆದರಿಯೇ ಶಿಶುವಿಹಾರ ಸೇರಿದರು.

ಎರಡು ವರ್ಷ ಕಳೆದು ದೊಡ್ಡ ಶಾಲೆಯ ಮೊದಲ ದಿನ ಬಂತು. ಗೇಟಿನ ಬಳಿ ಎಷ್ಟೋ ಮಕ್ಕಳು ಅಮ್ಮಂದಿರ ಕಾಲು ತಬ್ಬಿ ಅರಚುತ್ತಿದ್ದವು. ಗುಂಡಿ ಚೀಲ ಏರಿಸಿಕೊಂಡು ಹಿಂದೆ ತಿರುಗಿಯೂ ನೋಡದೆ ಒಳಗೆ ನಡೆದಳು. ಹೊರಗೆ ಅಜ್ಜಿಯೇ ಗೊಳೋ ಎಂದಳು. ಮೊಮ್ಮಗಳು ವಾಪಸು ಓಡಿಬಂದು ಅವಳ ಮೂಗು ಒರೆಸಿದಳು.

"ಅಳಬಾರದು ಅಜ್ಜಿ. ಮೊದಲನೇ ದಿನ ಹಂಗೇ ಆಗುತ್ತೆ. ನಾಳೆಗೆ ಅಭ್ಯಾಸ ಆಗುತ್ತೆ."